ಹಳೆ ಜೀಪಿನ ಹೊಸ ಲೆಕ್ಕ

ಜೂನ್ ಮಳೆ ಹಿಡಿದ ಶನಿವಾರಗಳಲ್ಲಿ ಕೊಚ್ಚಿಯ ಎಡಪ್ಪಳ್ಳಿ–ವೈಟ್ಟಿಲ ಬೈಪಾಸಿನ ಆಸುಪಾಸಿನ ಹಳೆ ಕಾರಿನ ಅಂಗಳಗಳಲ್ಲಿ ಜನ ಕಡಿಮೆಯಾಗುವುದಿಲ್ಲ. ರಸ್ತೆಗೆ ಮುಖ ಮಾಡಿ ತೊಳೆದು ನಿಲ್ಲಿಸಿದ ಸಣ್ಣ ಕಾರುಗಳ ಹಿಂದೆ, ತಗಡಿನ ಮಾಡಿನ ಕೆಳಗೆ, ಬೇರೆಯೇ ಒಂದು ಜಾತಿಯ ಗಾಡಿಗಳಿರುತ್ತವೆ. ಬಣ್ಣ ಮಾಸಿದ ಬಿಳಿ ಜಿಪ್ಸಿ, ಚಕ್ರ ದೊಡ್ಡದು ಮಾಡಿ ಮೈ ಎತ್ತರಿಸಿದ ಮಹೀಂದ್ರಾ ಜೀಪು, ಕಪ್ಪು ಥಾರ್, ದೆಹಲಿ ನಂಬರಿನ ಫಾರ್ಚೂನರ್. ನೋಡಲು ಬಂದವರು ಮೊದಲು ಟೈರು ಒದೆಯುತ್ತಾರೆ, ಬಗ್ಗಿ ಚಾಸಿ ನೋಡುತ್ತಾರೆ, ಒಳಗೆ ಕುಳಿತು ಸ್ಟೇರಿಂಗ್ ಅಲುಗಿಸುತ್ತಾರೆ. ಬ್ರೋಕರ್ ಆಮೇಲೆ ಕೇಳುತ್ತಾನೆ: ‘ಪೆಟ್ರೋಲೋ, ಡೀಸೆಲೋ?’

ಬದಿಯಡ್ಕದ ಅಡಿಕೆ ತೋಟದವರೂ, ತಿರುವನಂತಪುರದ ಟೆಕ್ನೋಪಾರ್ಕಿನ ಸಾಫ್ಟ್‌ವೇರ್ ಹುಡುಗರೂ ಹೆಚ್ಚಾಗಿ ಹಿರಿಯರಿಂದ ಕೇಳಿದ ಉತ್ತರವನ್ನೇ ಕೊಡುತ್ತಾರೆ. ಗುಡ್ಡ ಹತ್ತುವುದಾದರೆ ಡೀಸೆಲ್ಲೇ ಸೈ, ಎಂದು. ನಾಲ್ಕು ದಶಕ ಈ ಮಾತಿಗೆ ಎದುರಿರಲಿಲ್ಲ. ಈಗ ಗಾಡಿ ಯಾವ ವರ್ಷದ್ದು ಎಂದು ಕೇಳದೆ ಅದನ್ನು ಒಪ್ಪುವಂತಿಲ್ಲ.

ಡೀಸೆಲ್‌ಗೆ ಪಟ್ಟ ಸಿಕ್ಕಿದ್ದು

ಸ್ವಾತಂತ್ರ್ಯದ ಬೆನ್ನಿಗೆ ಮಹೀಂದ್ರಾ ಕಂಪನಿ ಇಲ್ಲಿ ಜೋಡಿಸಲು ಶುರುಮಾಡಿದ ವಿಲ್ಲೀಸ್ ಜೀಪುಗಳು ಪೆಟ್ರೋಲ್ ಗಾಡಿಗಳು. 1973ರ ತೈಲ ಬಿಕ್ಕಟ್ಟಿನಲ್ಲಿ ಪೆಟ್ರೋಲ್ ದುಬಾರಿಯಾಯಿತು. ಟ್ರ್ಯಾಕ್ಟರ್ ವಂಶದ ಡೀಸೆಲ್ ಎಂಜಿನ್‌ಗಳು ಜೀಪಿನ ಬಾನೆಟ್ಟಿನೊಳಗೆ ಬಂದವು, ಮುಂದೆ ಫ್ರಾನ್ಸಿನ ಪ್ಯೂಜೋ ಮೂಲದ ಎಂಜಿನ್ ಬಂತು. ಇಡುಕ್ಕಿಯ ಏಲಕ್ಕಿ ತೋಟ, ವಯನಾಡಿನ ಕಾಫಿ ತೋಟ, ನಮ್ಮ ಕೊಡಗಿನ ಎಸ್ಟೇಟು ಎಲ್ಲ ಕಡೆ ಗೊಬ್ಬರ, ಕೂಲಿಯಾಳು, ಮದುವೆ ದಿಬ್ಬಣ, ಆಸ್ಪತ್ರೆಗೆ ಹೋಗುವ ರೋಗಿ ಎಲ್ಲವನ್ನೂ ಹೊತ್ತದ್ದು ಈ ಡೀಸೆಲ್ ಜೀಪುಗಳೇ. ಸೂರ್ಯನೆಲ್ಲಿಯಿಂದ ಕೊಳುಕ್ಕುಮಲೆಗೆ, ಮಡಿಕೇರಿಯಿಂದ ಮಾಂದಲಪಟ್ಟಿಗೆ ಪ್ರವಾಸಿಗರನ್ನು ಕುಲುಕಿಸುತ್ತ ಒಯ್ಯುವ ಬಾಡಿಗೆ ಜೀಪುಗಳು ಅವುಗಳ ಮಕ್ಕಳು, ಮೊಮ್ಮಕ್ಕಳು.

ಬೆಲೆಯೂ ಡೀಸೆಲ್ ಕಡೆಗಿತ್ತು. ಸರ್ಕಾರ ಪೆಟ್ರೋಲ್ ದರದ ಹಿಡಿತ ಬಿಟ್ಟದ್ದು 2010ರ ಜೂನ್‌ನಲ್ಲಿ. ಡೀಸೆಲ್ಲಿನದ್ದನ್ನು ಬಿಟ್ಟದ್ದು 2014ರ ಅಕ್ಟೋಬರ್‌ನಲ್ಲಿ. ನಡುವಿನ ನಾಲ್ಕು ವರ್ಷ ಡೀಸೆಲ್ ಗಾಡಿ ಕೊಂಡವರಿಗೆ ಸುಗ್ಗಿ. 2012ರ ಮೇ ಕೊನೆಯಲ್ಲಿ ದೆಹಲಿಯಲ್ಲಿ ಪೆಟ್ರೋಲ್ 73 ರೂಪಾಯಿ ದಾಟಿದ್ದಾಗ ಡೀಸೆಲ್ 41ರ ಒಳಗಿತ್ತು. ಇಂದು ಹಳೆ ಗಾಡಿಗಳ ಅಂಗಳದಲ್ಲಿ ನಿಂತಿರುವ ಡೀಸೆಲ್ ಎಸ್‌ಯುವಿಗಳಲ್ಲಿ ಎಷ್ಟೋ ಆ ಸುಗ್ಗಿಯ ಕಾಲದವು.

ಆ 32 ರೂಪಾಯಿ ಅಂತರ ಈಗಿಲ್ಲ. 2024ರ ಮಾರ್ಚ್‌ನಲ್ಲಿ ದರ ಇಳಿದ ಮೇಲೆ ತಿರುವನಂತಪುರದಲ್ಲಿ ಪೆಟ್ರೋಲ್ ಲೀಟರಿಗೆ 107ರ ಆಸುಪಾಸು, ಡೀಸೆಲ್ 96ರ ಆಸುಪಾಸಿಗೆ ನಿಂತಿತು. ಅಂತರ ಹನ್ನೊಂದೇ ರೂಪಾಯಿ. ಅಂಬಲಮುಗಳಿನ ತೈಲ ಶುದ್ಧೀಕರಣ ಘಟಕ ಮಗ್ಗುಲಲ್ಲೇ ಇರುವುದರಿಂದ ಕೊಚ್ಚಿಯಲ್ಲಿ ಎರಡೂ ಸುಮಾರು ಎರಡು ರೂಪಾಯಿ ಅಗ್ಗ. ತಿರುವನಂತಪುರದವರು ಸಾಗಣೆ ಖರ್ಚು ತೆರುತ್ತಾರೆ. 2023ರ ಏಪ್ರಿಲ್‌ನಿಂದ ಕೇರಳ ಸರ್ಕಾರ ಹಾಕಿದ ಲೀಟರಿಗೆ ಎರಡು ರೂಪಾಯಿ ಸೆಸ್ ಎರಡೂ ಊರಿಗೆ, ಎರಡೂ ಇಂಧನಕ್ಕೆ ಒಂದೇ.

ಕಿಡಿ ಮತ್ತು ಒತ್ತಡ

ಪೆಟ್ರೋಲ್ ಎಂಜಿನ್ ಗಾಳಿ–ಇಂಧನದ ಮಿಶ್ರಣಕ್ಕೆ ಸ್ಪಾರ್ಕ್ ಪ್ಲಗ್ಗಿನಿಂದ ಕಿಡಿ ಹಚ್ಚುತ್ತದೆ. ಡೀಸೆಲ್ ಎಂಜಿನ್‌ಗೆ ಕಿಡಿ ಬೇಡ. ಅದು ಗಾಳಿಯನ್ನೇ ಹದಿನೈದು–ಇಪ್ಪತ್ತು ಪಟ್ಟು ಅದುಮಿ ಕಾಯಿಸುತ್ತದೆ. ಆ ಬಿಸಿಯೊಳಗೆ ನಾಝಲ್ ಡೀಸೆಲ್ ಚಿಮ್ಮಿಸಿದರೆ ತಾನಾಗಿ ಹೊತ್ತಿಕೊಳ್ಳುತ್ತದೆ. ಇಂಥ ಒತ್ತಡ ತಾಳಬೇಕಾದ್ದರಿಂದ ಡೀಸೆಲ್ ಎಂಜಿನ್ ಗಟ್ಟಿಮುಟ್ಟು, ಹಾಗಾಗಿ ಭಾರ. ಟರ್ಬೊ ಸೇರಿದರೆ ಎಂಜಿನ್ ನಿಧಾನವಾಗಿ ತಿರುಗುವಾಗಲೇ ಚಕ್ರಕ್ಕೆ ಬಲ ಬರುತ್ತದೆ. ಬಂಡೆಯ ಮೇಲೆ, ಕೆಸರಿನ ಏರಿನಲ್ಲಿ ಬೇಕಾದ್ದು ಈ ತಿರುಚುಬಲ, ಅಂದರೆ ಟಾರ್ಕ್.

ಅಂಗಳದ ಎರಡು ಗಾಡಿಗಳನ್ನೇ ನೋಡಬಹುದು. 1985ರ ಕೊನೆಯಲ್ಲಿ ಬಂದ ಮಾರುತಿ ಜಿಪ್ಸಿ ಹುಟ್ಟಿನಿಂದ ಕೊನೆಯವರೆಗೆ ಪೆಟ್ರೋಲ್ ಗಾಡಿ. ಅದರ ಕೊನೆಯ ಅವತಾರದ 1,298 ಸಿಸಿ ಎಂಜಿನ್ ಕೊಡುತ್ತಿದ್ದುದು 103 ನ್ಯೂಟನ್ ಮೀಟರ್ ಟಾರ್ಕ್, ಅದೂ ನಿಮಿಷಕ್ಕೆ 4,500 ಸುತ್ತು ತಿರುಗಿದಾಗ. 2010ರಲ್ಲಿ ಬಂದ ಮೊದಲ ಥಾರ್‌ನ 2.5 ಲೀಟರ್ ಸಿಆರ್‌ಡಿಇ ಡೀಸೆಲ್ 2,000 ಸುತ್ತಿನೊಳಗೇ 247 ನ್ಯೂಟನ್ ಮೀಟರ್ ಕೊಡುತ್ತಿತ್ತು. ಅಂಕಿ ಇಷ್ಟೇ ಓದಿದರೆ ಜಿಪ್ಸಿಯನ್ನು ಯಾರೂ ಕೊಳ್ಳಬಾರದು. ಆದರೆ ಬಟ್ಟೆ ಮಾಡಿನ ಜಿಪ್ಸಿ ಸಾವಿರ ಕಿಲೋ ತೂಗುವುದಿಲ್ಲ, ಥಾರ್ ಒಂದೂಮುಕ್ಕಾಲು ಟನ್ನಿನ ಹತ್ತಿರ. ಮಳೆಯಲ್ಲಿ ನೆಲ ಹಿಟ್ಟಿನಂತಾದಾಗ ಭಾರದ ಗಾಡಿ ಹುಗಿಯುತ್ತದೆ, ಹಗುರದ್ದು ತೇಲಿದಂತೆ ದಾಟುತ್ತದೆ. ಸೈನ್ಯ ದಶಕಗಟ್ಟಲೆ ಜಿಪ್ಸಿಯನ್ನು ಬಿಡದೆ ಇಟ್ಟುಕೊಂಡದ್ದಕ್ಕೆ ಈ ಹಗುರವೂ ಒಂದು ಕಾರಣ. ಎಂಜಿನ್ನಿನ ಕೊರತೆಯನ್ನು ಲೋ ಗೇರ್ ತುಂಬಿಕೊಡುತ್ತದೆ, ಕ್ಲಚ್ಚಿನ ಮೇಲೆ ಕಾಲು ಹದವಾಗಿರಬೇಕು ಅಷ್ಟೆ.

2020ರ ಅಕ್ಟೋಬರ್ 2ರಂದು ಮಾರುಕಟ್ಟೆಗೆ ಬಂದ ಎರಡನೇ ಥಾರ್ ಈ ಹಳೆ ಜಗಳಕ್ಕೇ ನೀರೆರಚಿತು. ಅದರ 2.0 ಲೀಟರ್ ಟರ್ಬೊ ಪೆಟ್ರೋಲ್ 150 ಅಶ್ವಶಕ್ತಿಯದ್ದು, 2.2 ಲೀಟರ್ ಡೀಸೆಲ್ 130ರದ್ದು. ಟಾರ್ಕ್ ಎರಡಕ್ಕೂ 300, ಪೆಟ್ರೋಲ್ ಆಟೊಮ್ಯಾಟಿಕ್‌ಗೆ 320. ಎರಡೂ ಕೆಳಗಿನ ಸುತ್ತಿನಲ್ಲೇ ಎಳೆಯುತ್ತವೆ. ಪೊನ್ಮುಡಿಯ 22 ಹೇರ್‌ಪಿನ್ ತಿರುವುಗಳನ್ನು ಯಾವುದರಲ್ಲಿ ಏರಿದರೂ ಉಸಿರು ಕಟ್ಟುವುದಿಲ್ಲ. ಇನ್ನು ಎಷ್ಟೋ ಸಲ ಆಯ್ಕೆ ಕೊಳ್ಳುವವನ ಕೈಯಲ್ಲೇ ಇರುವುದಿಲ್ಲ. 2023ರಲ್ಲಿ ಬಂದ ಜಿಮ್ನಿ ಬೇಕೆಂದರೆ ಪೆಟ್ರೋಲ್ ಮಾತ್ರ, ಫೋರ್ಸ್ ಗೂರ್ಖಾ ಬೇಕೆಂದರೆ ಡೀಸೆಲ್ ಮಾತ್ರ. ಮಾದರಿ ಮನಸ್ಸಿಗೆ ಬಂದರೆ ಇಂಧನ ಅದರ ಜೊತೆಗೇ ಬರುತ್ತದೆ.

ಪೇಟೆಯ ಡೀಸೆಲ್ ಉಸಿರುಗಟ್ಟಿದಾಗ

ಲೆಕ್ಕ ಹಾಕುವುದು ಸುಲಭ. ಒಂದೇ ಮಾದರಿಯ ಗಾಡಿ ಪೆಟ್ರೋಲ್‌ನಲ್ಲಿ ಲೀಟರಿಗೆ 10 ಕಿ.ಮೀ., ಡೀಸೆಲ್‌ನಲ್ಲಿ 13 ಕಿ.ಮೀ. ಕೊಡುತ್ತದೆ ಎಂದಿಟ್ಟುಕೊಳ್ಳೋಣ. ತಿರುವನಂತಪುರದ ಆ ದರದಲ್ಲಿ ಕಿಲೋಮೀಟರಿಗೆ ಪೆಟ್ರೋಲ್ ಖರ್ಚು 10.70 ರೂಪಾಯಿ, ಡೀಸೆಲ್ ಖರ್ಚು 7.40. ಡೀಸೆಲ್ ಗಾಡಿಗೆ ಒಂದು ಲಕ್ಷ ಹೆಚ್ಚು ಕೊಟ್ಟವರು ವರ್ಷಕ್ಕೆ 20,000 ಕಿ.ಮೀ. ಓಡಿಸಿದರೆ ಒಂದೂವರೆ ವರ್ಷದಲ್ಲಿ ಹಣ ಹುಟ್ಟುತ್ತದೆ. ಕಳಕ್ಕೂಟದಲ್ಲಿ ಮನೆ, ಪಕ್ಕದಲ್ಲೇ ಕಚೇರಿ, ತಿಂಗಳಿಗೊಮ್ಮೆ ಬೆಟ್ಟ ಎನ್ನುವವರು ವರ್ಷಕ್ಕೆ 6,000 ಕಿ.ಮೀ. ಓಡಿಸಿದರೆ ಐದು ವರ್ಷ ಬೇಕು. ಅಷ್ಟರಲ್ಲಿ ಒಂದು ಇಂಜೆಕ್ಟರೋ, ಟರ್ಬೊವೋ ಕೈಕೊಟ್ಟರೆ ಉಳಿಸಿದ್ದೆಲ್ಲ ಗ್ಯಾರೇಜಿನ ಪಾಲು.

ಕಡಿಮೆ ಓಡಿಸುವವರಿಗೆ ಇದಕ್ಕಿಂತ ದೊಡ್ಡ ತಲೆನೋವು ಹೊಗೆನಳಿಗೆಯಲ್ಲಿದೆ. 2020ರ ಏಪ್ರಿಲ್ 1ರಿಂದ ದೇಶದಲ್ಲಿ ಹೊಗೆ ನಿಯಂತ್ರಣದ ಬಿಎಸ್6 ಮಾನದಂಡದ ಗಾಡಿಗಳನ್ನಷ್ಟೇ ಮಾರಬೇಕೆಂಬ ನಿಯಮ ಬಂತು. ಆ ಹೊತ್ತಿಗೆ ಮಾರುತಿ ಕಂಪನಿ ಡೀಸೆಲ್ ಸಹವಾಸವನ್ನೇ ಬಿಟ್ಟಿತು. ಉಳಿದವರ ಡೀಸೆಲ್ ಗಾಡಿಗಳಿಗೆ ಮಸಿ ಹಿಡಿದಿಡುವ ಫಿಲ್ಟರ್ ಬಂತು, ಮೆಕ್ಯಾನಿಕ್‌ಗಳ ಬಾಯಲ್ಲಿ ಡಿಪಿಎಫ್. ಫಿಲ್ಟರಿನಲ್ಲಿ ಕೂತ ಮಸಿಯನ್ನು ಗಾಡಿ ತಾನೇ ಸುಟ್ಟುಕೊಳ್ಳಬೇಕು. ಅದಕ್ಕೆ ಹೊಗೆನಳಿಗೆ ಚೆನ್ನಾಗಿ ಕಾಯಬೇಕು, ಅಂದರೆ ಹೆದ್ದಾರಿಯಲ್ಲಿ ಒಂದಷ್ಟು ಹೊತ್ತು ಬಿಡದೆ ಓಡಬೇಕು. ವೈಟ್ಟಿಲ ಜಂಕ್ಷನ್ನಿನಲ್ಲಿ ನಿಂತು ನಿಂತು ನಾಲ್ಕು ಕಿಲೋಮೀಟರ್ ಹೋಗಿ ಬಂದ್ ಮಾಡುವ ಗಾಡಿಗೆ ಆ ಯೋಗವಿಲ್ಲ. ಮಸಿ ತುಂಬುತ್ತದೆ, ಡ್ಯಾಶ್‌ಬೋರ್ಡಿನಲ್ಲಿ ದೀಪ ಹೊತ್ತುತ್ತದೆ, ಆಮೇಲೆ ಎಂಜಿನ್ ಎಳೆತ ಬಿಡುತ್ತದೆ. ಮೂರು–ನಾಲ್ಕು ವರ್ಷ ಪೇಟೆಯೊಳಗೇ ತಿರುಗಿ, ಮೀಟರಿನಲ್ಲಿ ಬರೀ 25,000 ಕಿ.ಮೀ. ತೋರಿಸುವ ಬಿಎಸ್6 ಡೀಸೆಲ್ ಸಿಕ್ಕಿತೆಂದು ಹಿಗ್ಗುವ ಮೊದಲು ಸರ್ವೀಸ್ ದಾಖಲೆ ಕೇಳುವುದು ಲೇಸು. ಅಷ್ಟೇ ವಯಸ್ಸಿನ, ಕೊಚ್ಚಿ–ಕೋಯಿಕ್ಕೋಡ್ ಹೆದ್ದಾರಿಯಲ್ಲಿ 80,000 ಕಿ.ಮೀ. ಓಡಿದ ಗಾಡಿ ಅದಕ್ಕಿಂತ ಆರೋಗ್ಯವಾಗಿರಬಹುದು.

ಹಳೆಯ ಮೆಕ್ಯಾನಿಕಲ್ ಪಂಪಿನ ಡೀಸೆಲ್ ಜೀಪಿಗೆ ಇಂಥ ರೋಗಗಳಿಲ್ಲ. ಸೆನ್ಸರ್ ಇಲ್ಲ, ಕಂಪ್ಯೂಟರ್ ಇಲ್ಲ. ನಾಝಲ್, ಪಂಪು, ಗ್ಲೋ ಪ್ಲಗ್ ಇಷ್ಟನ್ನು ಬಲ್ಲ ಮೇಸ್ತ್ರಿ ಅಡಿಮಾಲಿಯಲ್ಲೂ ಸಿಗುತ್ತಾನೆ, ಸುಳ್ಯದಲ್ಲೂ ಸಿಗುತ್ತಾನೆ. ನಡುವಿನ ತಲೆಮಾರಿನ, ಅಂದರೆ 2020ಕ್ಕೆ ಮುಂಚಿನ ಕಾಮನ್ ರೈಲ್ (ಸಿಆರ್‌ಡಿಇ) ಡೀಸೆಲ್‌ಗಳು ಎಳೆತ, ಮೈಲೇಜ್, ನಿರ್ವಹಣೆ ಮೂರನ್ನೂ ಒಂದು ಹದಕ್ಕೆ ತಂದಿದ್ದವು. ಬೆಟ್ಟದ ದಾರಿಯಲ್ಲಿ ದಿನಾ ಓಡುವವರಿಗೆ ಇಂದಿಗೂ ಅವೇ ಒಳ್ಳೆಯ ಆಯ್ಕೆ. ಆದರೆ ಅವುಗಳಿಗೆ ವಯಸ್ಸಾಗುತ್ತಿದೆ. ಮುಂದೆ ಹೇಳುವ ಕಾನೂನಿನ ತೂಗುಗತ್ತಿ ಇರುವುದೂ ಅವುಗಳ ಮೇಲೇ.

ಕೊಳ್ಳುವ ಮುನ್ನ ಡೀಸೆಲ್ ಎಂಜಿನ್ನನ್ನು ತಣ್ಣಗಿದ್ದಾಗಲೇ ಸ್ಟಾರ್ಟ್ ಮಾಡಿಸಿ ನೋಡಬೇಕು. ಗಿರಾಕಿ ಬರುವ ಮುಂಚೆಯೇ ಗಾಡಿ ಬಿಸಿ ಮಾಡಿಟ್ಟಿದ್ದರೆ ಅನುಮಾನಕ್ಕೆ ಜಾಗವಿದೆ. ಎಂಜಿನ್ ಓಡುವಾಗ ಆಯಿಲ್ ಮುಚ್ಚಳ ತೆಗೆದರೆ ಬುಸುಬುಸು ಹೊಗೆ ನುಗ್ಗಿತೆಂದರೆ ಪಿಸ್ಟನ್ ರಿಂಗುಗಳು ಸವೆದಿವೆ. ನೀಲಿ ಹೊಗೆ ಆಯಿಲ್ ಸುಡುತ್ತಿರುವುದರ ಗುರುತು. ಪೆಟ್ರೋಲ್ ಎಂಜಿನ್ ಪರೀಕ್ಷೆ ಇಷ್ಟು ಕಟುವಲ್ಲ, ಕೆಟ್ಟರೂ ಖರ್ಚು ಕಡಿಮೆ.

ಪೆಟ್ರೋಲಿನ ಟ್ಯಾಂಕಿನಲ್ಲಿ

ಹಾಗಾದರೆ ವಾರಾಂತ್ಯಕ್ಕಷ್ಟೇ ಗಾಡಿ ತೆಗೆಯುವವರಿಗೆ ಹಳೆ ಜಿಪ್ಸಿಯೇ ಸರಿ ಎನ್ನಬಹುದೆ? ಅಲ್ಲೂ ಒಂದು ತೊಡಕಿದೆ. 2023ರಿಂದ ಪಂಪುಗಳಿಗೆ ಬರತೊಡಗಿದ, 2025ರ ಹೊತ್ತಿಗೆ ಎಲ್ಲೆಡೆ ತುಂಬಿದ ಇ20 ಪೆಟ್ರೋಲಿನಲ್ಲಿ ಐದನೇ ಒಂದು ಭಾಗ ಎಥೆನಾಲ್. ಎಥೆನಾಲ್‌ನಲ್ಲಿ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ. ಹಳೆಯ ವಿನ್ಯಾಸದ ನಾಲ್ಕು ಚಕ್ರದ ಗಾಡಿಗಳಿಗೆ ಮೈಲೇಜ್ ಶೇ. 6ರಿಂದ 7ರಷ್ಟು ಇಳಿಯಬಹುದೆಂದು ನೀತಿ ಆಯೋಗದ 2021ರ ವರದಿಯೇ ಹೇಳಿತ್ತು.

ಮೈಲೇಜಿಗಿಂತ ಕಾಡುವುದು ನೀರು. ಎಥೆನಾಲ್ ಗಾಳಿಯ ತೇವ ಹೀರುತ್ತದೆ. ಶಂಖುಮುಖದ ಕಡಲಗಾಳಿಗೆ, ಆರು ತಿಂಗಳ ಮಳೆಗೆ ಮೈಯೊಡ್ಡಿ ತಿಂಗಳುಗಟ್ಟಲೆ ನಿಂತ ಗಾಡಿಯ ಕಬ್ಬಿಣದ ಟ್ಯಾಂಕಿನ ತಳದಲ್ಲಿ ನೀರು ಬೇರ್ಪಟ್ಟು ತುಕ್ಕು ಹಿಡಿಯುತ್ತದೆ. ಕಾರ್ಬುರೇಟರ್ ಕಾಲದ ರಬ್ಬರ್ ಪೈಪುಗಳು ಮೆತ್ತಗಾಗುತ್ತವೆ, ಬಿರಿಯುತ್ತವೆ. ಅಂಥ ಗಾಡಿ ಕೊಂಡವರು ಮೊದಲ ತಿಂಗಳಲ್ಲೇ ಇಂಧನದ ಪೈಪು, ಸೀಲುಗಳನ್ನು ಎಥೆನಾಲ್ ತಾಳುವಂಥವುಗಳಿಗೆ ಬದಲಿಸಿಕೊಂಡರೆ ನಿಶ್ಚಿಂತೆ. ನಿಲ್ಲಿಸಿಟ್ಟ ಗಾಡಿಯಲ್ಲಿ ಕೆಡದೆ ಇರುವ ಗುಣ ಡೀಸೆಲ್‌ಗೇ ಹೆಚ್ಚು. ಕಡಿಮೆ ಓಡಿಸುವವರಿಗೆ ಪೆಟ್ರೋಲ್ ಎಂದು ಹೇಳಿದ ಬಾಯಲ್ಲೇ ಇದನ್ನೂ ಹೇಳಬೇಕಾಗಿರುವುದು ವಿಚಿತ್ರವೇ.

ಹತ್ತು ವರ್ಷದ ಗೆರೆ

2016ರ ಮೇ 23ರಂದು ಕೊಚ್ಚಿಯಲ್ಲಿ ಕುಳಿತ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಸಂಚಾರಿ ಪೀಠ, ವಕೀಲರ ಪರಿಸರ ವೇದಿಕೆಯೊಂದರ ಅರ್ಜಿಯ ಮೇಲೆ ಕೊಟ್ಟ ಆದೇಶ ಕೇರಳದ ಡೀಸೆಲ್ ಮಾಲೀಕರ ನಿದ್ದೆಗೆಡಿಸಿತು. ತಿರುವನಂತಪುರ, ಕೊಲ್ಲಂ, ಕೊಚ್ಚಿ, ತ್ರಿಶ್ಶೂರ್, ಕೋಯಿಕ್ಕೋಡ್, ಕಣ್ಣೂರು ಈ ಆರು ನಗರಗಳಲ್ಲಿ ಹತ್ತು ವರ್ಷ ದಾಟಿದ ಡೀಸೆಲ್ ವಾಹನ ಓಡುವಂತಿಲ್ಲ, ಓಡಿದರೆ ಪ್ರತಿ ಸಲ 5,000 ರೂಪಾಯಿ ಪರಿಸರ ಪರಿಹಾರ, ಗಡುವು ಮೂವತ್ತು ದಿನ. ಜೊತೆಗೆ 2,000 ಸಿಸಿ ಮತ್ತು ಅದಕ್ಕಿಂತ ದೊಡ್ಡ ಎಂಜಿನ್ನಿನ ಹೊಸ ಡೀಸೆಲ್ ಗಾಡಿಗಳನ್ನು, ಸಾರ್ವಜನಿಕ ಸಾರಿಗೆ ಮತ್ತು ಸ್ಥಳೀಯ ಸಂಸ್ಥೆಗಳವನ್ನು ಬಿಟ್ಟು, ನೋಂದಾಯಿಸಬಾರದು. ದೊಡ್ಡ ಎಸ್‌ಯುವಿಗಳೆಲ್ಲ ಆ ಬಲೆಗೆ ಬಿದ್ದಂತಾಯಿತು. ವಿಷಯ ಹೈಕೋರ್ಟಿನ ಮೆಟ್ಟಿಲೇರಿತು, ಜೂನ್‌ನಲ್ಲಿ ತಡೆಯಾಜ್ಞೆ ಬಂತು. ಹತ್ತು ವರ್ಷದ ಗೆರೆ ಕೇರಳದ ರಸ್ತೆಗೆ ಇಳಿಯಲಿಲ್ಲ.

ದೆಹಲಿಯಲ್ಲಿ ಇಳಿಯಿತು. ಹತ್ತು ವರ್ಷ ದಾಟಿದ ಡೀಸೆಲ್, ಹದಿನೈದು ದಾಟಿದ ಪೆಟ್ರೋಲ್ ಗಾಡಿಗಳಿಗೆ ರಾಜಧಾನಿ ವಲಯದಲ್ಲಿ ನಿಷೇಧವೆಂಬ ನ್ಯಾಯಮಂಡಳಿಯ ಆದೇಶವನ್ನು ಸುಪ್ರೀಂ ಕೋರ್ಟ್ 2018ರ ಅಕ್ಟೋಬರ್‌ನಲ್ಲಿ ಎತ್ತಿಹಿಡಿಯಿತು. ಅದರ ಜಾರಿಯ ಹಗ್ಗಜಗ್ಗಾಟ ಆಮೇಲೂ ನಿಲ್ಲಲಿಲ್ಲ. ಅಲ್ಲಿ ಬೆಲೆ ಕಳೆದುಕೊಂಡ ಫಾರ್ಚೂನರ್, ಪಜೆರೊ, ಎಂಡೆವರ್‌ಗಳು ದಕ್ಷಿಣಕ್ಕೆ ಇಳಿದು ಬರುತ್ತಿರುವುದು ಹೀಗೆ. ಉತ್ತರದ ಒಣಹವೆಯಲ್ಲಿ ಓಡಿದ ಗಾಡಿಗೆ ಚಾಸಿಯ ತುಕ್ಕು ಕಡಿಮೆ ಎಂಬ ಮಾತಿನಲ್ಲಿ ಹುರುಳಿದೆ. ಆದರೆ ನಾಳೆ ಕೇರಳದಲ್ಲೋ ಬೆಂಗಳೂರಿನಲ್ಲೋ ಅಂಥದ್ದೇ ಗೆರೆ ಬಂದರೆ ಆ ಅಗ್ಗದ ಡೀಸೆಲ್ಲನ್ನು ಮುಂದೆ ಯಾವ ಊರಿಗೆ ದಾಟಿಸುವುದು? ದೆಹಲಿಯ ಆ ಆದೇಶದಲ್ಲಿ ಪೆಟ್ರೋಲ್ ಗಾಡಿಗೆ ಐದು ವರ್ಷ ಹೆಚ್ಚು ಆಯುಷ್ಯ ಸಿಕ್ಕಿರುವುದನ್ನು ಬೆಲೆ ಕಟ್ಟುವಾಗ ಮರೆಯಬಾರದು.

ಪ್ರಳಯ ಕಂಡ ಗಾಡಿಗಳು

2018ರ ಆಗಸ್ಟ್ ಪ್ರಳಯದಲ್ಲಿ ಆಲುವಾ, ಚಾಲಕ್ಕುಡಿ ಕಡೆ ಸಾವಿರಾರು ವಾಹನಗಳು ನೀರಿನಲ್ಲಿ ನಿಂತವು. ಕೊಚ್ಚಿಯ ನೆಡುಂಬಾಶೇರಿ ವಿಮಾನ ನಿಲ್ದಾಣವೇ ಎರಡು ವಾರ ಮುಚ್ಚಿತ್ತು. ಮುಳುಗಿದ ಗಾಡಿಗಳಲ್ಲಿ ಒಂದಷ್ಟು ಹರಾಜಾಗಿ, ಒಣಗಿ, ಬಣ್ಣ ಬಳಿದುಕೊಂಡು ಮತ್ತೆ ಮಾರುಕಟ್ಟೆಗೆ ಬಂದವು.

ನೀರಿನ ವಿಷಯದಲ್ಲಿ ಡೀಸೆಲ್‌ಗೆ ಒಳ್ಳೆಯ ಹೆಸರಿದೆ, ಅದು ಅರ್ಧ ಸತ್ಯ. ಕಿಡಿಯ ಹಂಗಿಲ್ಲದ ಹಳೆ ಡೀಸೆಲ್ ಜೀಪು ತೋಡು ದಾಟುವಾಗ ಆರುವುದಿಲ್ಲ, ಹಳೆ ಪೆಟ್ರೋಲ್ ಗಾಡಿಯ ಡಿಸ್ಟ್ರಿಬ್ಯೂಟರ್‌ಗೆ ನಾಲ್ಕು ಹನಿ ಸಿಡಿದರೂ ಸಾಕು. ಆದರೆ ಗಾಳಿ ಎಳೆಯುವ ಬಾಯಿಗೇ ನೀರು ಹೊಕ್ಕರೆ ಡೀಸೆಲ್‌ಗೇ ಹೆಚ್ಚು ಅಪಾಯ. ನೀರನ್ನು ಅದುಮಲಾಗದು, ಆ ಒತ್ತಡಕ್ಕೆ ಕನೆಕ್ಟಿಂಗ್ ರಾಡೇ ಬಾಗುತ್ತದೆ. ಈಗಿನ ಎರಡೂ ಬಗೆಯ ಗಾಡಿಗಳಲ್ಲಿ ಸೀಟಿನಡಿ, ಡ್ಯಾಶಿನಡಿ ಎಲೆಕ್ಟ್ರಾನಿಕ್ಸ್ ತುಂಬಿರುವುದರಿಂದ ಮುಳುಗಿದ್ದು ಯಾವುದಾದರೂ ಮುಂದೆ ಕಾಟ ಕೊಡುತ್ತದೆ. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದು ನೋಡಿದರೆ ಕೆಸರಿನ ಕಲೆ ಕಾಣಬಹುದು. ಅಂಗಳದವರು ಒಳಗೆಲ್ಲ ತೊಳೆದಿರುತ್ತಾರೆ, ಅಷ್ಟು ಉದ್ದ ಎಳೆದು ತೊಳೆಯುವ ತಾಳ್ಮೆ ಎಲ್ಲರಿಗೂ ಇರುವುದಿಲ್ಲ.

ಆರ್‌ಸಿಯಲ್ಲಿ ಒಂದು, ಬಾನೆಟ್ಟಿನಲ್ಲಿ ಇನ್ನೊಂದು

ಪೆಟ್ರೋಲ್ ಜಿಪ್ಸಿಗೆ, ಹಳೆ ವಿಲ್ಲೀಸಿಗೆ ಜಪಾನಿನ ಹಳೆ ಡೀಸೆಲ್ ಎಂಜಿನ್ ಕೂರಿಸುವ ಚಾಳಿ ಕೇರಳದಲ್ಲೂ ಮಲೆನಾಡಿನಲ್ಲೂ ಇದೆ. ಓಡಿಸಲು ಸೊಗಸಾಗಿರಬಹುದು. ಆದರೆ ತಯಾರಕರು ಕೊಟ್ಟ ವಿವರಕ್ಕೆ ವಿರುದ್ಧವಾಗಿ ವಾಹನ ಬದಲಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಡೆಯುತ್ತದೆ. ಕೇರಳದಿಂದಲೇ ಹೋದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನು ಖಡಾಖಂಡಿತವಾಗಿ ಹೇಳಿತು. ಹೊಗೆ ತಪಾಸಣೆಯಲ್ಲೇ ಬಣ್ಣ ಬಯಲಾಗುತ್ತದೆ. ಪೆಟ್ರೋಲ್ ಗಾಡಿಗೆ ಇಂಗಾಲದ ಮಾನಾಕ್ಸೈಡ್ ಅಳೆಯುತ್ತಾರೆ, ಡೀಸೆಲ್‌ಗೆ ಹೊಗೆಯ ದಟ್ಟಣೆ. ಅಪಘಾತವಾದರೆ ವಿಮೆಯವರು ಮೊದಲು ಹಿಡಿಯುವುದೂ ಇದನ್ನೇ.

ಕಾಗದ ಸರಿಯಿಲ್ಲದ ಗಾಡಿ ಎಲ್ಲಿಗೆ ಮುಟ್ಟಬಹುದು ಎಂಬುದಕ್ಕೆ 2025ರ ಸೆಪ್ಟೆಂಬರ್ 23ರ ಕಸ್ಟಮ್ಸ್ ದಾಳಿ ‘ಆಪರೇಷನ್ ನುಮ್‌ಖೋರ್’ ಸಾಕ್ಷಿ. ಭೂತಾನಿನಲ್ಲಿ, ಸೇನೆಯವೂ ಸೇರಿದಂತೆ, ವಿಲೇವಾರಿಯಾದ ಲ್ಯಾಂಡ್ ಕ್ರೂಸರ್‌ನಂಥ ಹಳೆ ಗಾಡಿಗಳನ್ನು ಗಡಿ ದಾಟಿಸಿ, ನಕಲಿ ದಾಖಲೆಯಿಂದ ಹಿಮಾಚಲ ಮುಂತಾದೆಡೆ ನೋಂದಾಯಿಸಿ ಮಾರಲಾಗಿದೆ ಎಂಬುದು ಕಸ್ಟಮ್ಸ್ ಆರೋಪ. ಅಂದು ಒಂದೇ ದಿನ ಕೇರಳದಲ್ಲಿ 36 ವಾಹನ ವಶವಾದವು, ಕೊಚ್ಚಿ, ತಿರುವನಂತಪುರದ ಸಿನಿಮಾ ತಾರೆಯರ ಮನೆಗಳಲ್ಲೂ ಶೋಧ ನಡೆಯಿತು. ದುಡ್ಡಿದ್ದವರೂ ಕೋರ್ಟು ಅಲೆಯುವಂತಾಯಿತು. ಸಾಮಾನ್ಯರು ಎಂಜಿನ್ ನಂಬರ್, ಚಾಸಿ ನಂಬರ್, ಇಂಧನದ ಕಾಲಂ ಮೂರನ್ನೂ ಸರ್ಕಾರದ ವಾಹನ್ ಜಾಲತಾಣದಲ್ಲಿ ಹೋಲಿಸಿ ನೋಡಲು ಐದು ನಿಮಿಷ ಸಾಕು. ಕೇರಳದಲ್ಲಿ 2023ರ ಜೂನ್‌ನಿಂದ ಎಐ ಕ್ಯಾಮೆರಾಗಳು ದಂಡ ಬರೆಯುತ್ತಿವೆ, ಬಾಕಿ ಚಲನ್‌ಗಳನ್ನೂ ಅದೇ ಕೂತಲ್ಲಿ ನೋಡಿಕೊಳ್ಳಬಹುದು.

ಹದಿನೈದು ವರ್ಷ ತುಂಬಿದ ಖಾಸಗಿ ಗಾಡಿಯ ನೋಂದಣಿಯನ್ನು ಐದೈದು ವರ್ಷಕ್ಕೆ ನವೀಕರಿಸಬೇಕು. 2022ರ ಏಪ್ರಿಲ್‌ನಿಂದ ಅದರ ಶುಲ್ಕ 5,000 ರೂಪಾಯಿ, ಇಪ್ಪತ್ತು ವರ್ಷ ದಾಟಿದ್ದಕ್ಕೆ 2025ರ ಆಗಸ್ಟ್‌ನಿಂದ 10,000. ಕೇರಳದ 2025ರ ಬಜೆಟ್ಟು ಹದಿನೈದು ವರ್ಷ ದಾಟಿದ ಕಾರುಗಳ ತೆರಿಗೆಯನ್ನೂ ಅರ್ಧದಷ್ಟು ಏರಿಸಿತು. ಹಳೆ ಜಿಪ್ಸಿ ಅಗ್ಗಕ್ಕೆ ಸಿಕ್ಕಿತು ಎನ್ನುವವರು ಈ ಮೊತ್ತಗಳನ್ನೂ ಬೆಲೆಗೆ ಸೇರಿಸಿಕೊಳ್ಳಬೇಕು.

ಕೊಚ್ಚಿಯಲ್ಲಿ ಕೊಂಡು ಪುತ್ತೂರಿಗೋ ಮಡಿಕೇರಿಗೋ ತರುವವರಿಗೆ ಇನ್ನೂ ಒಂದು ಹಂತವಿದೆ. ಬೇರೆ ರಾಜ್ಯದ ಗಾಡಿಯನ್ನು 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಇಲ್ಲಿ ಮರುನೋಂದಣಿ ಕಡ್ಡಾಯ. ಅದಕ್ಕೆ ಅಲ್ಲಿನ ಆರ್‌ಟಿಒ ಕಚೇರಿಯ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಬೇಕು, ಸಾಲವಿದ್ದರೆ ಬ್ಯಾಂಕಿನ ಪತ್ರವೂ ಬೇಕು. ಕರ್ನಾಟಕ ಆಜೀವ ತೆರಿಗೆ ಕೇಳುತ್ತದೆ, ಗಾಡಿಯ ವಯಸ್ಸು ಹೆಚ್ಚಿದಷ್ಟೂ ಮೊತ್ತ ಇಳಿಯುತ್ತದೆ. ಕೇರಳ ತೆರಿಗೆ ಹಿಡಿದಿರುವುದು ಹದಿನೈದು ವರ್ಷಕ್ಕೆ, ಉಳಿದ ಅವಧಿಯ ಪಾಲನ್ನು ಮರಳಿ ಕೇಳಬಹುದು. ಆ ಅರ್ಜಿಗೆ ಕರ್ನಾಟಕದ ಹೊಸ ನೋಂದಣಿಯ ಪುರಾವೆ ಲಗತ್ತಿಸಬೇಕು. ಆ ಹದಿನೈದು ವರ್ಷ ಮುಗಿದಿರುವುದರಿಂದ ಹದಿನಾರು ವರ್ಷದ ಗಾಡಿ ತಂದವರಿಗೆ ಅಲ್ಲಿಂದ ಮರಳುವ ಹಣವೂ ಇರುವುದಿಲ್ಲ.